ಜಪಮಾಲೆ ಕಟ್ಟುವ ಪ್ಯಾಕೆಟ್: ಒಂದು ಮಣಿ ಕಮ್ಮಿ ಇತ್ತು, ಆದರೂ ತಗೊಳ್ಳಿ

ಶಿವಾಜಿನಗರದ ಸಂತ ಮೇರಿ ಬಸಿಲಿಕಾ ಹಬ್ಬದ ಸಮಯದಲ್ಲಿ ರಸ್ತೆ ಬದಿ ಸಾಲಾಗಿ ಅಂಗಡಿ ಹಾಕಿರುತ್ತಾರಲ್ಲ, ಅಲ್ಲಿ ತಗೊಂಡಿದ್ದು ಇದು. ಬೆಲೆ 280 ರೂಪಾಯಿ. ಕಂಪನಿ ಹೆಸರು ಎಲ್ಲೂ ಇಲ್ಲ. ಒಳಗಿರುವುದೆಲ್ಲ ಕಾಣುವಂಥ ಪ್ಲಾಸ್ಟಿಕ್ ಕವರ್, ಅದರ ಬಾಯಿಗೆ ಪಿನ್ ಹೊಡೆದ ಹಳದಿ ರಟ್ಟು, ರಟ್ಟಿನ ಮೇಲೆ ‘ಮನೆಮಂದಿಗೆಲ್ಲ ಜಪಮಾಲೆ’ ಅಂತ ಕನ್ನಡದಲ್ಲಿ ಅಚ್ಚು. ಬಿಚ್ಚಿದರೆ ಕಂದು ಬಣ್ಣದ ಚಿಕ್ಕ ಮರದ ಮಣಿಗಳು, ಸ್ವಲ್ಪ ದೊಡ್ಡ ಕಪ್ಪು ಮಣಿಗಳು, ಒಂದು ಸುತ್ತು ನೈಲಾನ್ ದಾರ, ಲೋಹದ ಶಿಲುಬೆ, ಯೇಸುವಿನ ತಾಯಿ ಮರಿಯ ಮಾತೆಯ ಚಿತ್ರ ಇರುವ ಪುಟ್ಟ ಪದಕ, ಬಣ್ಣ ತುಂಬೋಕೆ ಗೆರೆಚಿತ್ರದ ಕಾರ್ಡುಗಳು, ಆರು ಕ್ರೇಯಾನ್, ಮಡಚಿದ ಒಂದು ಹಾಳೆ. ಅಷ್ಟೇ.

ಮೂರು ತಿಂಗಳಿಂದ ಇದು ನಮ್ಮನೆಯಲ್ಲಿದೆ. ತಪ್ಪುಗಳು ಬೇಕಾದಷ್ಟಿವೆ, ಒಂದೊಂದಾಗಿ ಹೇಳುತ್ತೇನೆ. ಆದರೆ ಯಾವ ಸ್ಥಿತಿಯಲ್ಲಿ ಇದನ್ನು ಮನೆಗೆ ತಂದೆ ಅನ್ನುವುದನ್ನು ಮೊದಲು ಹೇಳದಿದ್ದರೆ ಈ ವಿಮರ್ಶೆ ಅರ್ಥವಾಗುವುದಿಲ್ಲ.

ಆಗಸ್ಟ್ ಮೊದಲ ವಾರ ಒಂದು ಬೆಳಿಗ್ಗೆ ಅತ್ತೆ ನನ್ನ ಮಗಳಿಗೆ ಜಡೆ ಹಾಕುತ್ತಿದ್ದರು. ಸ್ಕೂಲ್ ವ್ಯಾನ್ ಬರೋಕೆ ಹತ್ತು ನಿಮಿಷ ಇತ್ತು. ಅತ್ತೆಯ ಕೈಯಿಂದ ಬಾಚಣಿಗೆ ಜಾರಿ ಬಿತ್ತು. ಮಗಳು ಎತ್ತಿಕೊಟ್ಟಳು, ಮತ್ತೆ ಬಿತ್ತು. ಮೂರನೇ ಸಲ ಬಿದ್ದಾಗ ಅತ್ತೆ ಏನೋ ಹೇಳೋಕೆ ಹೋದರು, ಮಾತು ಕಲಸಿಹೋಗಿತ್ತು, ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು. ಲಕ್ವ. ಮೆದುಳಿನ ಎಡಭಾಗಕ್ಕೆ ಹೋಗುವ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ ಅಂದರು ಡಾಕ್ಟರು. ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ, ದಯವಿಟ್ಟು ನೆನಪಿಟ್ಟುಕೊಳ್ಳಿ: ಮುಖ ಸೊಟ್ಟಗಾಗುವುದು, ಒಂದು ಕೈ ಸೋಲುವುದು, ಮಾತು ತೊದಲುವುದು, ಇದರಲ್ಲಿ ಒಂದು ಕಂಡರೂ ‘ಸ್ವಲ್ಪ ಮಲಗಲಿ, ಸರಿಹೋಗುತ್ತೆ’ ಅಂತ ಕಾಯಬೇಡಿ. ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಒಳಗೆ ಬೀಳಬೇಕು. ಮಾಗಡಿ ರೋಡ್ ಟ್ರಾಫಿಕ್‌ನಲ್ಲೂ ನಾವು ಒಂದು ಗಂಟೆಯ ಒಳಗೆ ತಲುಪಿದ್ದೆವು, ಅದಕ್ಕೇ ಅತ್ತೆ ಈವತ್ತು ನಮ್ಮ ಜೊತೆ ಕೂತು ಊಟ ಮಾಡುತ್ತಿದ್ದಾರೆ.

ಒಂಬತ್ತು ದಿನ ಆಸ್ಪತ್ರೆ. ಮನೆಗೆ ಬಂದಾಗ ಬಲಗೈ ಭುಜದ ತನಕ ಏಳುತ್ತಿತ್ತು, ಬೆರಳು ಮಾತ್ರ ಮಾತು ಕೇಳುತ್ತಿರಲಿಲ್ಲ. ಅದಕ್ಕಿಂತ ಕಷ್ಟ ಆಗಿದ್ದು ಬಾಯಿ ಮಾತು. ಲೋಟದ ಕಡೆ ಕೈ ತೋರಿಸಿ ‘ಬಾಗಿಲು, ಬಾಗಿಲು’ ಅನ್ನುತ್ತಿದ್ದರು. ತಾವು ಹೇಳಿದ್ದು ತಪ್ಪು ಅಂತ ಅವರಿಗೇ ಗೊತ್ತಾಗುತ್ತಿತ್ತು. ಗೊತ್ತಾದ ಕೂಡಲೇ ಮುಖ ಗೋಡೆ ಕಡೆ ತಿರುಗಿಸಿಬಿಡುತ್ತಿದ್ದರು. ಒಂದು ವಾರ ಕಳೆಯುವಷ್ಟರಲ್ಲಿ ಮಾತಾಡೋಕೆ ಪ್ರಯತ್ನ ಪಡುವುದನ್ನೇ ಬಿಟ್ಟರು.

ನಮ್ಮನೆಯಲ್ಲಿ ಸಂಜೆ ಏಳೂವರೆ ಅಂದರೆ ಪ್ರಾರ್ಥನೆ. ನಡೆಸುತ್ತಿದ್ದವರು ಅತ್ತೆ. ಅವರು ಕನಕಪುರ ಕಡೆಯ ಹಾರೋಬೆಲೆಯವರು, ಪವಿತ್ರ ವಾರ ಬಂದರೆ ಊರಿನವರೆಲ್ಲ ಸೇರಿ ಯೇಸುವಿನ ಪಾಡುಗಳ ನಾಟಕ ಆಡುವ ಊರು ಅದು. ಜಪಮಾಲೆ ಅವರಿಗೆ ಉಸಿರಾಡಿದಷ್ಟು ಸಲೀಸು. ಮಾವ ತೀರಿಕೊಂಡಿದ್ದು 2021ರ ಮೇ ತಿಂಗಳಲ್ಲಿ, ಕೊರೊನಾ ಎರಡನೇ ಅಲೆಯಲ್ಲಿ. ಆ ತಿಂಗಳು ಪೋಪ್ ಫ್ರಾನ್ಸಿಸ್ ಅವರ ಆಸೆಯಂತೆ ಪ್ರಪಂಚದ ಬೇರೆಬೇರೆ ಪುಣ್ಯಕ್ಷೇತ್ರಗಳಲ್ಲಿ ದಿನಕ್ಕೊಂದರಂತೆ ಜಪಮಾಲೆ ನಡೆಯಿತು, ರೋಗ ತೊಲಗಲಿ ಅಂತ. ನಮ್ಮ ವೇಲಾಂಕಣಿಯೂ ಆ ಪಟ್ಟಿಯಲ್ಲಿತ್ತು. ಅತ್ತೆ ಮೊಬೈಲನ್ನು ಸಕ್ಕರೆ ಡಬ್ಬಿಗೆ ಒರಗಿಸಿಟ್ಟು, ನೆಲದ ಮೇಲೆ ಕೂತು, ಅಳುತ್ತಾ ಅಳುತ್ತಾ ಅದರ ಜೊತೆ ಹೇಳುತ್ತಿದ್ದರು. ಒಂದು ಸಂಜೆಯೂ ತಪ್ಪಿಸಲಿಲ್ಲ. ಅಂಥ ಪ್ರಾರ್ಥನೆ ಈ ಆಗಸ್ಟ್‌ನಲ್ಲಿ ನಿಂತುಹೋಯಿತು. ಅತ್ತೆ ಶುರು ಮಾಡದೆ ನಾವ್ಯಾರೂ ಶುರು ಮಾಡಲಿಲ್ಲ. ನಾನು ಒಂದೆರಡು ಸಲ ಹೇಳಿ ನೋಡಿದೆ, ಅವರು ಕಣ್ಣು ಮುಚ್ಚಿಕೊಂಡು ಸುಮ್ಮನೆ ಮಲಗಿರುತ್ತಿದ್ದರು. ಅವರ ಮುಂದೆ ನಾನು ಜೋರಾಗಿ ಹೇಳುವುದು ಅವರಿಗೆ ಬರದಿದ್ದನ್ನು ನಾನು ತೋರಿಸಿಕೊಂಡ ಹಾಗೆ ಅನ್ನಿಸಿ ನಿಲ್ಲಿಸಿಬಿಟ್ಟೆ. ಏಳೂವರೆಗೆ ಮಗಳು ಪುಸ್ತಕ ಹಿಡಿದು ರೂಮಿಗೆ, ಮಗ ಮೊಬೈಲ್ ಹಿಡಿದು ಸೋಫಾಗೆ, ನಮ್ಮನೆಯವರು ಕೆಲಸದಿಂದ ಬಂದವರು ಬಿಲ್ ಲೆಕ್ಕ ಹಾಕುತ್ತಾ ಕೂರುತ್ತಿದ್ದರು.

ಆಗಸ್ಟ್ 29ಕ್ಕೆ ಬಸಿಲಿಕಾದಲ್ಲಿ ಬಾವುಟ ಏರಿಸಿ ನೊವೇನಾ, ಅಂದರೆ ಒಂಬತ್ತು ದಿನದ ಪ್ರಾರ್ಥನೆ, ಶುರುವಾಗುತ್ತದೆ, ಸೆಪ್ಟೆಂಬರ್ 8ಕ್ಕೆ ಹಬ್ಬ, ತೇರು. ನಾನು ನೊವೇನಾದ ಮಧ್ಯೆ ಒಂದು ದಿನ ಆಫೀಸಿನಿಂದ ಹಾಗೇ ಹೋಗಿದ್ದೆ. ಮೇಣದಬತ್ತಿ ಹಚ್ಚಿ ಹೊರಗೆ ಬಂದಾಗ ಈ ಹಳದಿ ರಟ್ಟು ಕಣ್ಣಿಗೆ ಬಿತ್ತು. ಅತ್ತೆಗಾಗಿ ತಗೊಂಡೆ ಅಂತ ಹೇಳಿದರೆ ಸುಳ್ಳಾಗುತ್ತದೆ. ಮಕ್ಕಳು ಒಂದು ಗಂಟೆ ಮೊಬೈಲ್ ಬಿಟ್ಟು ಕೂರಲಿ ಅಂತ ತಗೊಂಡೆ.

ಅವತ್ತು ಸಂಜೆ ಮಣಿಗಳನ್ನು ಅಂಚಿರುವ ಸ್ಟೀಲ್ ತಟ್ಟೆಗೆ ಸುರಿದು, ಅತ್ತೆಯ ಮಂಚದ ಪಕ್ಕದಲ್ಲೇ ಚಾಪೆ ಹಾಸಿ ಮಕ್ಕಳನ್ನು ಕೂರಿಸಿ ಅಡುಗೆಮನೆಗೆ ಹೋದೆ. ಫಿಸಿಯೋಥೆರಪಿಯವರು ಅತ್ತೆಗೆ ದಿನಾ ಕಡಲೆಕಾಳನ್ನು ಒಂದು ಬಟ್ಟಲಿಂದ ಇನ್ನೊಂದಕ್ಕೆ ಬಲಗೈಯಲ್ಲಿ ಹಾಕೋಕೆ ಹೇಳಿದ್ದರು. ಅತ್ತೆಗೆ ಅದು ಬೇಡ. ಎರಡು ಕಾಳು ಬಿದ್ದರೆ ಬಟ್ಟಲು ತಳ್ಳಿಬಿಡುತ್ತಿದ್ದರು. ಮೂವತ್ತು ವರ್ಷ ಮನೆ ನಡೆಸಿದ ಕೈ ಅದು, ಕಾಳು ಎತ್ತಿ ಹಾಕು ಅಂದರೆ ಹೇಗನ್ನಿಸಿರಬೇಕು ಹೇಳಿ. ಆದರೆ ಅವತ್ತು ಮಗ ತಟ್ಟೆಯನ್ನು ಅವರ ತೊಡೆಯ ಮೇಲೆ ಇಟ್ಟು ‘ಅಜ್ಜಿ, ಇದು ಹೇಗೆ ಪೋಣಿಸೋದು’ ಅಂತ ಕೇಳಿದನಂತೆ. ಅತ್ತೆ ಬಲಗೈ ತೆಗೆದು ತಟ್ಟೆಗೆ ಹಾಕಿದರಂತೆ. ಹೆಬ್ಬೆರಳು, ತೋರುಬೆರಳು, ಮಧ್ಯೆ ಒಂದು ಕಂದು ಮಣಿ. ಬಿತ್ತು. ಮತ್ತೆ ಹಿಡಿದರು, ಬಿತ್ತು. ಮಗಳು ದಾರದ ತುದಿಯನ್ನು ಅವರ ಬೆರಳಿನ ಹತ್ತಿರ ನೆಟ್ಟಗೆ ಹಿಡಿದುಕೊಂಡು ಕೂತಿದ್ದಳಂತೆ, ಏನೂ ಮಾತಾಡದೆ. ಐದನೇ ಸಲಕ್ಕೋ ಆರನೇ ಸಲಕ್ಕೋ ಮಣಿ ದಾರಕ್ಕೆ ಹತ್ತಿತು.

ನಾನು ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಸಾಸಿವೆ ಸಿಡಿಯುವ ಸದ್ದಿನ ಮಧ್ಯೆ ಒಳಗಿನಿಂದ ‘ನಮೋ ಮರಿಯ’ ಅಂತ ಕೇಳಿಸಿತು. ಅತ್ತೆಯ ಸ್ವರ. ಸ್ವಲ್ಪ ದಪ್ಪ ನಾಲಿಗೆ, ಆದರೆ ಪದ ಒಂದೂ ತಪ್ಪಿರಲಿಲ್ಲ, ಮೊದಲಿಂದ ಆಮೆನ್ ತನಕ ಪೂರ್ತಿ. ನಾನು ಸ್ಟವ್ ಆರಿಸೋಕೂ ಮರೆತು ಬಂದು ನಿಂತೆ. ಅತ್ತೆಯೂ ನನ್ನ ಮುಖ ನೋಡಿದರು, ಅವರಿಗೂ ಆಶ್ಚರ್ಯ. ಲೋಟ ಅನ್ನೋಕೆ ಬರದ ಬಾಯಲ್ಲಿ ಇಡೀ ಜಪ ಬಂದಿತ್ತು.

ಮುಂದಿನ ವಾರ ಸ್ಪೀಚ್ ಥೆರಪಿಸ್ಟ್ ಮೇಡಂ ಹತ್ತಿರ ಹೇಳಿದೆ. ಅವರಿಗೆ ಇದು ಹೊಸದಾಗಿರಲಿಲ್ಲ. ಲಕ್ವದಿಂದ ಮಾತು ಹೋದವರಿಗೆ ಹೊಸದಾಗಿ ಯೋಚಿಸಿ ಆಡುವ ಮಾತು ಕಷ್ಟ, ಆದರೆ ವರ್ಷಗಟ್ಟಲೆ ಹೇಳಿ ಹೇಳಿ ನಾಲಿಗೆಗೆ ಕೂತಿರುವ ಪ್ರಾರ್ಥನೆ, ಹಾಡು, ಒಂದು ಎರಡು ಮೂರು ಎಣಿಕೆ, ವಾರದ ಹೆಸರುಗಳು, ಇವು ಎಷ್ಟೋ ಜನರಲ್ಲಿ ಉಳಿದಿರುತ್ತವಂತೆ. ಥೆರಪಿಯಲ್ಲೂ ಅದನ್ನು ಬಳಸುತ್ತಾರಂತೆ. ದಿನಾ ಹೇಳಿಸಿ, ಬಲವಂತ ಮಾಡಬೇಡಿ, ಜೊತೆಗೆ ನೀವೂ ಹೇಳಿ ಅಂದರು. ನನಗೆ ಅವರ ವಿವರಣೆಯೂ ಬೇಕಿತ್ತು, ದೇವರಿಗೆ ಥ್ಯಾಂಕ್ಸ್ ಹೇಳುವುದೂ ಬೇಕಿತ್ತು. ಎರಡೂ ಮಾಡಿದೆ.

ಅವತ್ತಿನಿಂದ ಏಳೂವರೆ ಮತ್ತೆ ಶುರುವಾಯಿತು. ನಾವು ಮಾಡಿಕೊಂಡ ಕ್ರಮ ಇಷ್ಟೇ. ಒಬ್ಬರು ಮಣಿ ಪೋಣಿಸಬೇಕು, ಪೋಣಿಸುವವರು ತಮಗೆ ಏನು ಬೇಕೋ ಒಂದು ಮಾತು ದೇವರ ಹತ್ತಿರ ಕೇಳಬೇಕು, ಆಮೇಲೆ ಎಲ್ಲರೂ ಸೇರಿ ಆ ಮಣಿಯ ಪ್ರಾರ್ಥನೆ ಹೇಳಬೇಕು. ಚಿಕ್ಕ ಮಣಿಗೆ ನಮೋ ಮರಿಯ, ದೊಡ್ಡದಕ್ಕೆ ಪರಲೋಕದಲ್ಲಿರುವ ನಮ್ಮ ತಂದೆಯೇ. ಕೆಲವು ದಿನ ನಾಲ್ಕು ಮಣಿ, ಕೆಲವು ದಿನ ಒಂದೇ. ಅತ್ತೆಗೆ ಸುಸ್ತಾದರೆ ಅಲ್ಲಿಗೇ ನಿಲ್ಲಿಸಿ ದಾರದ ತುದಿಗೆ ಬಟ್ಟೆ ಕ್ಲಿಪ್ ಹಾಕಿ ಮಾತೆಯ ಪಟದ ಕೆಳಗೆ ಇಡುತ್ತಿದ್ದೆವು. ಅಂಗಡಿಯಲ್ಲಿ ಕಟ್ಟಿದ ಜಪಮಾಲೆ ಹಿಡಿದುಕೊಂಡರೆ ಹತ್ತು ಹತ್ತು ಮಣಿಗಳ ಐದು ಸಾಲನ್ನೂ ಇಪ್ಪತ್ತು ನಿಮಿಷದಲ್ಲಿ ಓಡಿಸಿ ಮುಗಿಸಿಬಿಡುತ್ತೇವೆ, ನಿಜ ತಾನೆ? ಇಲ್ಲಿ ಓಡೋಕಾಗುವುದಿಲ್ಲ. ಮಣಿ ದಾರಕ್ಕೆ ಹತ್ತುವ ತನಕ ಕಾಯಬೇಕು.

ಆ ಕಾಯುವ ಹೊತ್ತಿನಲ್ಲೇ ಮಾತುಗಳು ಬಂದವು. ಮಗನಿಗೆ ಏಳು ವರ್ಷ, ಅವನು ದಿನಾ ಕೇಳುತ್ತಿದ್ದುದು ಒಂದೇ, ‘ಅಜ್ಜಿಗೆ ಲೋಟ ಅಂತ ಬರಲಿ.’ ಮಗಳಿಗೆ ಹನ್ನೊಂದು. ಅವಳು ಪೋಣಿಸುತ್ತಿದ್ದಳು, ಏನೂ ಕೇಳುತ್ತಿರಲಿಲ್ಲ. ಹತ್ತು ಹನ್ನೆರಡು ದಿನ ಹೀಗೇ ಆಯಿತು. ಒಂದು ಸಂಜೆ ಮಣಿ ಕೈಯಲ್ಲಿ ಹಿಡಿದುಕೊಂಡು, ತಲೆ ಎತ್ತದೆ, ‘ನಾನು ಬೇಗ ಹಾಕು ಬೇಗ ಹಾಕು ಅಂತ ಅವಸರ ಮಾಡಿದ್ದಕ್ಕೆ ಅಜ್ಜಿಗೆ ಹೀಗಾಯ್ತಾ’ ಅಂದಳು. ನನ್ನ ಎದೆ ಧಸಕ್ಕೆಂದಿತು. ಆಗಸ್ಟ್‌ನಿಂದ ಆ ಮಗು ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಓಡಾಡಿತ್ತು. ನಮಗೆ ಅದರ ಸುಳಿವೂ ಇರಲಿಲ್ಲ. ನಮ್ಮನೆಯವರು ಮಾತು ಕಮ್ಮಿ, ಅವತ್ತು ಅವರೇ ಹೇಳಿದರು, ‘ಇಲ್ಲ ಮಗಳೇ, ಹೆಪ್ಪು ಮೊದಲೇ ಇತ್ತು. ನೀನು ಪಕ್ಕದಲ್ಲಿದ್ದಿದ್ದಕ್ಕೇ ಗೊತ್ತಾಗಿದ್ದು, ಇಲ್ಲದಿದ್ದರೆ ಅಜ್ಜಿ ಒಬ್ಬರೇ ಬಚ್ಚಲಲ್ಲಿ ಬಿದ್ದಿರುತ್ತಿದ್ದರು.’ ಅತ್ತೆಗೆ ಎಲ್ಲ ಅರ್ಥವಾಯಿತು, ಹೇಳೋಕೆ ಪದ ಸಿಗಲಿಲ್ಲ. ಎಡಗೈಯಿಂದ ಮಗಳ ಜಡೆ ಹಿಡಿದು ಹತ್ತಿರ ಎಳೆದುಕೊಂಡರು. ಕಷ್ಟದಲ್ಲಿರುವ ಮನೆಯಲ್ಲಿ ಮಕ್ಕಳನ್ನು ಎದುರು ಕೂರಿಸಿಕೊಂಡು ‘ಏನಾಯ್ತು ಹೇಳು’ ಅಂದರೆ ಹೇಳುವುದಿಲ್ಲ. ಕೈಗೊಂದು ಕೆಲಸ ಕೊಟ್ಟು, ಕಣ್ಣು ಆ ಕೆಲಸದ ಮೇಲೆ ಇರುವಾಗ, ತಾನಾಗೇ ಹೇಳುತ್ತಾರೆ. ಈ ಪ್ಯಾಕೆಟ್‌ಗೆ 280 ರೂಪಾಯಿ ನನಗೆ ಜಾಸ್ತಿ ಅನ್ನಿಸದೇ ಇರುವುದು ಅದಕ್ಕೇ.

ಇನ್ನು ತಪ್ಪುಗಳಿಗೆ ಬರೋಣ.

ಮಣಿ ಎಣಿಕೆ ತಪ್ಪಿತ್ತು. ಜಪಮಾಲೆಗೆ 59 ಮಣಿ ಬೇಕು. 53 ಚಿಕ್ಕದು, 6 ದೊಡ್ಡದು. ಶಿಲುಬೆಯಿಂದ ಹೊರಟರೆ ಒಂದು ದೊಡ್ಡದು, ಮೂರು ಚಿಕ್ಕದು, ಮತ್ತೆ ಒಂದು ದೊಡ್ಡದು, ಆಮೇಲೆ ಪದಕ, ಅಲ್ಲಿಂದ ಸುತ್ತಲೂ ಹತ್ತು ಹತ್ತರ ಐದು ಸಾಲು, ಸಾಲಿನ ಮಧ್ಯೆ ಒಂದೊಂದು ದೊಡ್ಡ ಮಣಿ. ನಮ್ಮ ಪ್ಯಾಕೆಟ್‌ನಲ್ಲಿ ಚಿಕ್ಕವು 52 ಇದ್ದವು. ಸೋಫಾ ಎತ್ತಿ, ಚಾಪೆ ಕೊಡವಿ, ಮಂಚದ ಕೆಳಗೆ ಟಾರ್ಚ್ ಬಿಟ್ಟು ಹುಡುಕಿದ ಮೇಲೆ ಬಂದ ಲೆಕ್ಕ ಇದು. ಸಾಲದ್ದಕ್ಕೆ ಎರಡು ಮಣಿಗೆ ತೂತು ಅರ್ಧಕ್ಕೇ ನಿಂತಿತ್ತು. ನಮ್ಮನೆಯವರು ಎಲೆಕ್ಟ್ರಿಷಿಯನ್, ಸಣ್ಣ ಡ್ರಿಲ್ ಬಿಟ್ಟು ಸರಿಮಾಡಿದರು. ಡ್ರಿಲ್ ಇಲ್ಲದ ಮನೆಯವರು ಏನು ಮಾಡಬೇಕು? ಕಮ್ಮಿ ಬಿದ್ದ ಒಂದಕ್ಕೆ ಮಗಳು ತನ್ನ ಹಳೆಯ ಕೈಸರದಿಂದ ಒಂದು ಹಸಿರು ಮಣಿ ಬಿಚ್ಚಿಕೊಟ್ಟಳು. ಅದು ಮೂರನೇ ಹತ್ತಿನಲ್ಲಿ ಕೂತಿದೆ.

ದಾರ ಒಂದೂವರೆ ಮೀಟರ್ ಇತ್ತು. ಮಣಿ ಹಿಡಿಸುತ್ತವೆ, ಆದರೆ ಪ್ರತಿ ದೊಡ್ಡ ಮಣಿಯ ಆಚೆ ಈಚೆ ಗಂಟು ಹಾಕುತ್ತಾ ಬಂದರೆ ಕೊನೆಗೆ ಗಂಟು ಎಳೆಯೋಕೆ ಹಿಡಿತವೇ ಸಿಗುವುದಿಲ್ಲ. ಎರಡು ಮೀಟರಿಗೆ ಕಮ್ಮಿ ಕೊಡಲೇಬಾರದು. ನಾವು ಬೇರೆ ದಾರ ತಂದು ಮೂರನೇ ಹತ್ತಿನಿಂದ ಮತ್ತೆ ಪೋಣಿಸಬೇಕಾಯಿತು, ಅತ್ತೆ ಕಷ್ಟಪಟ್ಟು ಹಾಕಿದ ಮಣಿಗಳನ್ನು ಬಿಚ್ಚುವಾಗ ನನಗೆ ನಿಜವಾಗಿ ಬೇಜಾರಾಯಿತು. ಶಿಲುಬೆಯ ಬಳೆ ಬಾಯಿ ತೆರೆದುಕೊಂಡಿತ್ತು, ದಾರ ಅಲ್ಲಿಂದ ಜಾರುತ್ತದೆ, ಕಟ್ಟುವ ಮೊದಲೇ ನೋಸ್ ಪ್ಲೈಯರ್‌ನಿಂದ ಒತ್ತಿಬಿಡಿ. ಕ್ರೇಯಾನ್ ಬಗ್ಗೆ ಹೇಳುವುದು ಬೇಡ, ಎರಡು ದಿನಕ್ಕೆ ಮುರಿದವು.

ಗಂಟಿನ ವಿಷಯ ಸ್ವಲ್ಪ ಉದ್ದ ಹೇಳಬೇಕು. ಸಾಮಾನ್ಯ ಗಂಟು ಹಾಕಿದರೆ ದೊಡ್ಡ ಮಣಿಯ ತೂತಿನೊಳಗೆ ನುಸುಳಿ ಹೋಗುತ್ತದೆ. ದಾರವನ್ನು ಬೆರಳಿಗೆ ಮೂರು ಸುತ್ತು ಸುತ್ತಿ, ತುದಿಯನ್ನು ಸುತ್ತುಗಳ ಒಳಗಿನಿಂದ ತೂರಿಸಿ ನಿಧಾನಕ್ಕೆ ಎಳೆಯಬೇಕು, ಆಗ ಪುಟ್ಟ ಉರುಳೆಯ ಹಾಗೆ ದಪ್ಪ ಗಂಟು ಕೂರುತ್ತದೆ. ಹಾಳೆಯಲ್ಲಿ ಇದಕ್ಕೆ ಕೊಟ್ಟಿರುವ ಚಿತ್ರ ನೋಡಿದರೆ ಯಾವ ತುದಿ ಎಲ್ಲಿಗೆ ಹೋಯಿತು ಅಂತ ಯಾರಿಗೂ ತಿಳಿಯುವುದಿಲ್ಲ. ಮಗಳು ತಪ್ಪು ಜಾಗದಲ್ಲಿ ಗಂಟು ಬಿಗಿದು, ಬಿಚ್ಚೋಕಾಗದೆ, ದಾರವನ್ನೇ ಎಸೆದು ಎದ್ದು ಹೋದಳು ಒಂದು ದಿನ. ಅವಳಪ್ಪ ದಬ್ಬಳದ ತುದಿಯಿಂದ ಅರ್ಧ ಗಂಟೆ ಕೂತು ಬಿಡಿಸಿದರು. ಆಮೇಲೆ ಭಾನುವಾರ ಪೂಜೆ ಮುಗಿದ ಮೇಲೆ ನಮ್ಮ ಫಾದರ್‌ಗೆ ಇದನ್ನು ಹೇಳಿದಾಗ ಅವರು ಮಗಳನ್ನು ಕರೆದು ಫೋನಿನಲ್ಲಿ ಒಂದು ಚಿತ್ರ ತೋರಿಸಿದರು. ಜರ್ಮನಿಯ ಆಗ್ಸ್‌ಬರ್ಗ್ ಊರಿನ ಚರ್ಚಿನಲ್ಲಿರುವ, ಸುಮಾರು 1700ರಲ್ಲಿ ಬರೆದ ಚಿತ್ರವಂತೆ. ಮಾತೆ ನಿಂತಿದ್ದಾಳೆ, ಕೈಯಲ್ಲಿ ಉದ್ದನೆಯ ಬಿಳಿ ಪಟ್ಟಿ, ತುಂಬಾ ಗಂಟುಗಳು. ಒಂದು ಕಡೆ ದೇವದೂತ ಗಂಟು ಗಂಟಾದ ಪಟ್ಟಿ ಕೊಡುತ್ತಿದ್ದಾನೆ, ಇನ್ನೊಂದು ಕಡೆ ಇನ್ನೊಬ್ಬ ದೇವದೂತ ಬಿಡಿಸಿದ ಪಟ್ಟಿ ಹಿಡಿದಿದ್ದಾನೆ. ಗಂಟು ಬಿಡಿಸುವ ಮಾತೆ. ಪೋಪ್ ಫ್ರಾನ್ಸಿಸ್ ಅವರಿಗೆ ತುಂಬಾ ಇಷ್ಟವಾದ ಚಿತ್ರ, 2021ರ ಆ ಮೇ ತಿಂಗಳ ಜಪಮಾಲೆಯ ಕೊನೆಯ ದಿನ ಅವರು ಪ್ರಾರ್ಥಿಸಿದ್ದು ಈ ಮಾತೆಯ ಪಟದ ಮುಂದೆಯೇ. ಅತ್ತೆ ಅವತ್ತು ಸಕ್ಕರೆ ಡಬ್ಬಿಗೆ ಒರಗಿಸಿದ ಫೋನಿನಲ್ಲಿ ಇದನ್ನು ನೋಡಿರಲೇಬೇಕು. ಮಗಳು ಮನೆಗೆ ಬಂದು ಅಜ್ಜಿಗೆ ಚಿತ್ರ ತೋರಿಸಿದಳು. ಅತ್ತೆ ತಲೆ ಆಡಿಸಿ, ಮಾವನ ಫೋಟೋ ಕಡೆ ಬೆರಳು ಮಾಡಿದರು. ಈಗ ಮೂರು ಸುತ್ತಿನ ಗಂಟು ನಮ್ಮನೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಹಾಕುವವಳು ಅವಳೇ.

ಕಾರ್ಡುಗಳ ಬಗ್ಗೆ ನನಗೆ ದೂರು ಇದೆ. ಜಪಮಾಲೆಯ ಒಂದೊಂದು ಹತ್ತು ಹೇಳುವಾಗ ಯೇಸು, ಮಾತೆಯ ಬದುಕಿನ ಒಂದೊಂದು ಘಟನೆ ನೆನೆಯುತ್ತೇವೆ, ಅದಕ್ಕೆ ರಹಸ್ಯ ಅನ್ನುತ್ತೇವೆ. ಅದರ 15 ಕಾರ್ಡು ಮಾತ್ರ ಇವೆ. ಸಂತೋಷದ ರಹಸ್ಯ ಐದು, ದುಃಖದ್ದು ಐದು, ಮಹಿಮೆಯದು ಐದು. ಬೆಳಕಿನ ರಹಸ್ಯಗಳೇ ಇಲ್ಲ! ಪೋಪ್ ಎರಡನೇ ಜಾನ್ ಪೌಲ್ ಅವನ್ನು ಸೇರಿಸಿದ್ದು 2002ರಲ್ಲಿ. ಹಾಳೆಯಲ್ಲೂ ಗುರುವಾರ ಸಂತೋಷದ ರಹಸ್ಯ ಅಂತಲೇ ಇದೆ, ಅದು ಹಳೆಯ ಕ್ರಮ, ಈಗ ಗುರುವಾರ ಹೇಳುವುದು ಬೆಳಕಿನ ರಹಸ್ಯ. ಯಾವುದೋ ಹಳೆಯ ಪುಸ್ತಕದಿಂದ ಹಾಗೇ ಇಳಿಸಿದ್ದಾರೆ ಅನ್ನಿಸುತ್ತದೆ. ಮಕ್ಕಳು ಧರ್ಮೋಪದೇಶದ ಕ್ಲಾಸಿನಲ್ಲಿ ಒಂದು ಕಲಿತು ಇಲ್ಲಿ ಇನ್ನೊಂದು ಓದಿದರೆ ಗೊಂದಲ ಆಗುವುದಿಲ್ಲವಾ? ಮಾರುವವರು ಇದನ್ನು ತಿದ್ದಲೇಬೇಕು.

ಆದರೆ ನಮ್ಮನೆಯಲ್ಲಿ ಈ ಕೊರತೆಯಿಂದಲೇ ಒಳ್ಳೆಯದಾಯಿತು. ಮಕ್ಕಳು ಉಳಿದ ಐದನ್ನು ತಾವೇ ಬರೆದರು, ಹಳೆಯ ಮದುವೆ ಕಾರ್ಡುಗಳ ಹಿಂಭಾಗದಲ್ಲಿ. ಜೋರ್ಡಾನ್ ನದಿಯ ದೀಕ್ಷಾಸ್ನಾನ, ಕಾನಾ ಊರಿನ ಮದುವೆ, ದೇವರ ರಾಜ್ಯದ ಸಾರಿಕೆ, ಬೆಟ್ಟದ ಮೇಲೆ ಯೇಸುವಿನ ರೂಪ ಬದಲಾಗಿದ್ದು, ಕೊನೆಯ ಭೋಜನ. ಕಾನಾ ಮದುವೆ ಮಗನ ಪಾಲಿಗೆ ಬಂತು. ಶುಭಸಂದೇಶದಲ್ಲಿ ಆರು ಕಲ್ಲಿನ ಬಾನಿ ಅಂತಿದೆ. ಅವನು ಆರು ನೀಲಿ ನೀರಿನ ಕ್ಯಾನ್ ಬರೆದಿದ್ದಾನೆ, ನಮ್ಮ ಬೀದಿಗೆ ಟೆಂಪೋದಲ್ಲಿ ಬರುತ್ತಲ್ಲ, ಇಪ್ಪತ್ತು ಲೀಟರಿನದು, ಮುಚ್ಚಳದ ಸಮೇತ. ಮೂರರಲ್ಲಿ ನೀರು, ಮೂರರಲ್ಲಿ ಕೆಂಪು ದ್ರಾಕ್ಷಾರಸ. ಪಕ್ಕದಲ್ಲಿ ಮಾತೆ ಸೀರೆ ಉಟ್ಟು ನಿಂತಿದ್ದಾಳೆ. ‘ಇದು ಯಾರೋ’ ಅಂತ ಕೇಳಿದರೆ ‘ಮಾತೆ, ನೀರು ಖಾಲಿ ಅಂತ ಯೇಸುಗೆ ಹೇಳ್ತಿದ್ದಾಳೆ’ ಅಂದ. ಖಾಲಿಯಾಗಿದ್ದು ದ್ರಾಕ್ಷಾರಸ ಅಂತ ನಾನು ತಿದ್ದೋಕೆ ಹೋಗಲಿಲ್ಲ. 2024ರ ಬೇಸಿಗೆಯಲ್ಲಿ ಟ್ಯಾಂಕರ್‌ಗೆ ಕಾದ ಮಗು ಅದು, ಅವನಿಗೆ ಮನೆಯಲ್ಲಿ ಖಾಲಿಯಾಗುವುದು ಅಂದರೆ ನೀರು. ಆ ಕಾರ್ಡನ್ನು ಗುರುವಾರ ಗುರುವಾರ ಅತ್ತೆಯ ಮಂಚದ ತಲೆಕಡೆ ಸಿಕ್ಕಿಸುತ್ತೇವೆ.

ಜಪಮಾಲೆ ಪೂರ್ತಿ ಆಗಿದ್ದು ಅಕ್ಟೋಬರ್ 7ಕ್ಕೆ, ಜಪಮಾಲೆ ಮಾತೆಯ ಹಬ್ಬದ ದಿನ. ಹೊಂದಿಸಿಕೊಂಡಿದ್ದು ನಿಜ, ಕೊನೆಯ ನಾಲ್ಕು ಮಣಿಗಳನ್ನು ಎರಡು ದಿನ ಉಳಿಸಿಟ್ಟಿದ್ದೆವು. ನಮ್ಮನೆಯವರು ಮೇಣದಬತ್ತಿಯಲ್ಲಿ ದಾರದ ತುದಿ ಸುಟ್ಟು ಅಂಟಿಸಿದರು, ನೈಲಾನ್ ಆದ್ದರಿಂದ ಕರಗಿ ಗಟ್ಟಿಯಾಗುತ್ತದೆ, ಮಕ್ಕಳ ಕೈಗೆ ಈ ಕೆಲಸ ಕೊಡಬೇಡಿ. ಮಾರನೆಯ ದಿನದಿಂದ ಅದರಲ್ಲೇ ಜಪ. ಹಸಿರು ಮಣಿ ಬಂದಾಗ ಎಲ್ಲರೂ ಅರೆಗಳಿಗೆ ನಿಲ್ಲುತ್ತೇವೆ, ಅದು ಯಾರ ಕೈಯಲ್ಲಿದೆಯೋ ಅವರು ನಮ್ಮನೆಯವರಲ್ಲದ ಒಬ್ಬರ ಹೆಸರು ಹೇಳಬೇಕು. ಇದು ಮಗಳ ನಿಯಮ. ಆಸ್ಪತ್ರೆಯಲ್ಲಿ ಅತ್ತೆಯ ಪಕ್ಕದ ಬೆಡ್‌ನಲ್ಲಿದ್ದ ತಾತ, ವ್ಯಾನ್ ಡ್ರೈವರ್ ಅಂಕಲ್, ಯಾರಾದರೂ ಆಗಬಹುದು.

ಯಾರು ಕೊಳ್ಳಬಹುದು, ಯಾರಿಗೆ ಬೇಡ? ಮೂರು ವರ್ಷದ ಒಳಗಿನ ಮಕ್ಕಳಿದ್ದರೆ ಬೇಡವೇ ಬೇಡ, ಮಣಿ ಬಾಯಿಗೆ ಹೋದರೆ ಅಪಾಯ. ಬರೀ ಜಪಮಾಲೆ ಬೇಕು ಅನ್ನುವವರು ವಿವೇಕನಗರದ ಬಾಲಯೇಸು ಚರ್ಚ್ ಹತ್ತಿರ ಯಾವ ಗುರುವಾರ ಹೋದರೂ ಇದಕ್ಕಿಂತ ಕಮ್ಮಿ ಬೆಲೆಗೆ ಕಟ್ಟಿರುವುದೇ ಸಿಗುತ್ತದೆ. ಚಿಕ್ಕಪೇಟೆ, ಮಾಮೂಲ್‌ಪೇಟೆ ಕಡೆ ಓಡಾಡೋಕೆ ಸಮಯ ಇದ್ದರೆ ಬಿಡಿ ಮಣಿ, ದಾರ ತಂದು ನೀವೇ ಮಾಡಬಹುದು, ಇನ್ನೂ ಅಗ್ಗ ಬೀಳುತ್ತದೆ. ಆದರೆ ಮನೆಯಲ್ಲಿ ಕಾಯಿಲೆ ಬಿದ್ದವರನ್ನು ಇಟ್ಟುಕೊಂಡು ಯಾರು ಚಿಕ್ಕಪೇಟೆ ಸುತ್ತುತ್ತಾರೆ ಹೇಳಿ. ಎಲ್ಲ ಒಂದೇ ಕವರ್‌ನಲ್ಲಿ ಸಿಕ್ಕಿತಲ್ಲ, ನನಗೆ ಅದೇ ದೊಡ್ಡ ಉಪಕಾರ. ಲಕ್ವ ಆದವರಿಗೆ ಅಂತ ಕೊಳ್ಳುವುದಾದರೆ ಮೊದಲು ಥೆರಪಿಯವರನ್ನು ಕೇಳಿ, ಇದು ಅವರ ವ್ಯಾಯಾಮದ ಜೊತೆಗೆ ಆಗಬೇಕು, ಅದರ ಬದಲಿಗಲ್ಲ. ಅತ್ತೆ ಈಗಲೂ ವಾರಕ್ಕೆ ಎರಡು ಸಲ ಹೋಗುತ್ತಾರೆ. ಈಗಲೂ ಎಷ್ಟೋ ಸಲ ಲೋಟಕ್ಕೆ ಬಾಗಿಲು ಅಂತಲೇ ಬರುತ್ತದೆ. ಆದರೆ ಮುಖ ಗೋಡೆ ಕಡೆ ತಿರುಗಿಸುವುದಿಲ್ಲ, ಇನ್ನೊಂದು ಸಲ ಹೇಳಿ ನೋಡುತ್ತಾರೆ.

ಜಪಮಾಲೆ ಹೇಳದ ಸಭೆಯವರಿಗೂ ಇದು ಉಪಯೋಗಕ್ಕೆ ಬರುತ್ತದೆ. ನಮ್ಮ ಮೇಲಿನ ಮನೆಯವರು ಸಿಎಸ್ಐ ಅನ್ನುವ ಪ್ರೊಟೆಸ್ಟೆಂಟ್ ಸಭೆಯವರು, ಹಡ್ಸನ್ ಚರ್ಚಿಗೆ ಹೋಗುತ್ತಾರೆ. ಅವರ ಮಗನಿಗೆ ಕೆಲಸ ಹೋಗಿ ನಾಲ್ಕು ತಿಂಗಳಾಯಿತು. ಆ ಅಕ್ಕ ಒಂದು ಸಂಜೆ ಅತ್ತೆಯನ್ನು ನೋಡೋಕೆ ಬಂದವರು ಮಣಿ ತಟ್ಟೆ ನೋಡಿ, ತಾವೂ ಒಂದು ಪ್ಯಾಕೆಟ್ ತರಿಸಿಕೊಂಡರು. 23ನೇ ಕೀರ್ತನೆಯಲ್ಲಿ ಆರು ವಚನ ಇವೆ, ಪ್ಯಾಕೆಟ್‌ನಲ್ಲಿ ದೊಡ್ಡ ಮಣಿ ಆರು. ಆರನ್ನೂ ಒಂದು ಗಿಡ್ಡ ದಾರಕ್ಕೆ ಪೋಣಿಸಿ ಮಗನಿಗೆ ಕೊಟ್ಟಿದ್ದಾರೆ, ಇಂಟರ್‌ವ್ಯೂಗೆ ಹೋಗುವಾಗ ಜೇಬಿನಲ್ಲಿಟ್ಟುಕೊಂಡು ಮೆಟ್ರೋದಲ್ಲಿ ಒಂದೊಂದು ಮಣಿಗೆ ಒಂದೊಂದು ವಚನ ಹೇಳಿಕೊಳ್ಳುತ್ತಾನಂತೆ.

ಐದಕ್ಕೆ ಎಷ್ಟು ಅಂತ ಕೇಳಿದರೆ ಮೂರೂವರೆ ಕೊಡುತ್ತೇನೆ. ಒಂದು ಪೂರ್ತಿ ಕಳೆದಿದ್ದು ದಾರಕ್ಕೆ ಮತ್ತು ಮಣಿ ಎಣಿಕೆಗೆ, ಅರ್ಧ ಕಳೆದಿದ್ದು ಬೆಳಕಿನ ರಹಸ್ಯ ಬಿಟ್ಟಿದ್ದಕ್ಕೆ. ಕೊಳ್ಳುವಾಗ ನಾಚಿಕೆ ಪಡದೆ ಅಂಗಡಿಯಲ್ಲೇ ಕವರ್ ಬಿಚ್ಚಿಸಿ ಮಣಿ ಎಣಿಸಿ, ಇನ್ನೊಂದು ಅರ್ಧ ಮೀಟರ್ ದಾರ ಕೇಳಿ ತಗೊಳ್ಳಿ, ಕೊಡುತ್ತಾರೆ.

ಅದೇ ಹಳದಿ ರಟ್ಟಿನ ಪ್ಯಾಕೆಟ್ ವಿವೇಕನಗರದಲ್ಲೂ ಕಂಡಿತು, 300 ರೂಪಾಯಿ ಹೇಳಿದರು. ನನ್ನ ತಂಗಿಯ ಮನೆಗೆ ಒಂದು ಕಟ್ಟಿಕೊಡಬೇಕು ಅಂತ ಅತ್ತೆಗೆ ಆಸೆ, ಅದಕ್ಕೇ ಇನ್ನೊಂದು ತಂದು ಕಳೆದ ವಾರ ಬಿಚ್ಚಿದೆವು. ಈ ಸಲ ಮೊದಲು ಎಣಿಸಿದೆವು, 59 ಸರಿಯಾಗಿದೆ. ಆದರೂ ಮಗ ಒಂದು ಕಂದು ಮಣಿ ತೆಗೆದು ಪಕ್ಕಕ್ಕಿಟ್ಟು, ಚಿಕ್ಕಮ್ಮನ ಮನೆಯದಕ್ಕೂ ಒಂದು ಹಸಿರು ಮಣಿ ಬೇಕು ಅಂತ ಅಕ್ಕನ ಡಬ್ಬಿ ಹುಡುಕುತ್ತಿದ್ದಾನೆ.